ತಲೆ ಅಲ್ಲಾಡದ ರೇಸು

ಕ್ಷೌರಿಕ: ಆ ಪೆಟ್ಟಿಗೆ ನಂದಲ್ಲ ಸಾರ್. ಟಿವಿನೂ ನಂದಲ್ಲ.

ಸಲಹೆಗಾರ: ಅಂಗಡಿ?

ಕ್ಷೌರಿಕ: ಅಂಗಡಿ ನಂದೇ. ಆದ್ರೆ ಟಿವಿ ಇರೋ ಗೋಡೆ ಮಾವಂದು.

ಪಕ್ಕದ ಕುರ್ಚಿಯಲ್ಲಿ ಮುಖದ ಮೇಲೆ ಬಿಸಿ ಟವೆಲ್ ಹೊದ್ದು ಒರಗಿದ್ದ ಮಾವ ಟವೆಲಿನೊಳಗಿನಿಂದಲೇ ಮಾತಾಡಿದರು.

ಮಾವ: ಗೋಡೆ ನನ್ನ ಹೆಸರಲ್ಲಿದೆ. ಮೊಳೆ ಹೊಡೆದಿದ್ದು ನೀವು.

ಭಾನುವಾರ ಮಧ್ಯಾಹ್ನ. ಸಲೂನಿನಲ್ಲಿ ಎರಡು ಕುರ್ಚಿ, ಎದುರಿಗೆ ಗೋಡೆ ತುಂಬ ಕನ್ನಡಿ, ಹಿಂದಿನ ಗೋಡೆಯ ಮೇಲೆ ಟಿವಿ. ಟಿವಿಯಲ್ಲಿ ಒಂಟಿ ಸೀಟಿನ ಕಾರುಗಳ ವಿಶ್ವ ಸರಣಿಯ ರೇಸು. ಕಾರುಗಳು ಸೂಜಿಯ ಹಿಂದೆ ದಾರ ಹೋದಂತೆ ಒಂದರ ಹಿಂದೆ ಒಂದು ಹೋಗುತ್ತಿದ್ದವು. ಬಾಗಿಲ ಬಳಿಯ ಬೆಂಚಿನ ಮೇಲೆ ಸರದಿಗೆ ಕಾದಿದ್ದ ಇಬ್ಬರು ಒಬ್ಬರ ಹೆಗಲಿಗೆ ಒಬ್ಬರು ಒರಗಿ ನಿದ್ದೆ ಹೋಗಿದ್ದರು. ಟಿವಿಯ ಪಕ್ಕದಲ್ಲಿ ಸೋಪಿನ ಡಬ್ಬಿಯಷ್ಟು ದೊಡ್ಡದೊಂದು ಕಪ್ಪು ಪೆಟ್ಟಿಗೆ. ಅದರ ಮೇಲೆ ಹಸಿರು ದೀಪ.

ಜಗಳದ ಮೂಲ ಆ ಪೆಟ್ಟಿಗೆ. ಯಾವ ಮನೆಯವರು ಯಾವ ಚಾನೆಲ್ಲನ್ನು ಎಷ್ಟು ಹೊತ್ತು ನೋಡುತ್ತಾರೆ ಎಂದು ಅಳೆಯಲು ಸಮೀಕ್ಷೆಯವರು ಅದನ್ನು ಮಹಡಿಯ ಮೇಲಿರುವ ಕ್ಷೌರಿಕನ ಮನೆಯಲ್ಲಿ ಕೂರಿಸಿ ಹೋಗಿದ್ದರು. ಆಮೇಲೆ ಟಿವಿ ಕೆಳಗಿಳಿದು ಸಲೂನಿಗೆ ಬಂತು, ಅದರ ಜೊತೆಗೆ ಪೆಟ್ಟಿಗೆಯೂ ಬಂತು. ಹಾಗೆ ತರಬಾರದು ಎಂಬುದು ಕ್ಷೌರಿಕನಿಗೆ ಗೊತ್ತಿತ್ತು. ಗಲ್ಲಕ್ಕೆ ನೊರೆ ಹಚ್ಚಿಸಿಕೊಂಡು ಕೂತ ಹೊಸ ಗಿರಾಕಿ ಪೆಟ್ಟಿಗೆಯ ಮಾತೆತ್ತಿದ ಕೂಡಲೇ, ಇವರು ತನಿಖೆಗೆ ಬಂದವರೇ ಸರಿ ಎಂದುಕೊಂಡು, ಅವನು ತನ್ನ ಆಸ್ತಿಯನ್ನು ಒಂದೊಂದಾಗಿ ಮಾವನ ಹೆಸರಿಗೆ ಮಾಡತೊಡಗಿದ್ದ.

ಸಲಹೆಗಾರ: ನಾನು ಸಮೀಕ್ಷೆಯವನಲ್ಲ. ರೇಸಿನವನು.

ಕ್ಷೌರಿಕ: ಯಾವ ರೇಸು?

ಸಲಹೆಗಾರ: ಇದೇ. ನಿಮ್ಮ ಟಿವೀಲಿ ಬರ್ತಿರೋದು.

ಕ್ಷೌರಿಕ: ಮತ್ತೆ ಇಲ್ಲಿ ಕೂತು ಏನು ಮಾಡ್ತಿದೀರಿ? ಅಲ್ಲಿ ಆಗ್ಲೇ ಶುರುವಾಗ್ಬಿಟ್ಟಿದೆ.

ಸಲಹೆಗಾರ ನೊರೆ ಬಾಯಿಗೆ ಹೋಗದಂತೆ ತುಟಿ ಓರೆ ಮಾಡಿಕೊಂಡು ವಿವರಿಸಿದ. ತಾನು ಕಾರು ಓಡಿಸುವವನಲ್ಲ. ಸರಣಿಯ ಜನಪ್ರಿಯತೆ ಹೆಚ್ಚಿಸುವ ಸಮಿತಿಯ ಸಲಹೆಗಾರ. ಜನ ರೇಸು ಹಚ್ಚುತ್ತಾರೆ, ಕಾರುಗಳು ಹೊರಡುವುದನ್ನು ನೋಡುತ್ತಾರೆ, ಒಂದೆರಡು ಸುತ್ತು ಮುಗಿಯುವುದರೊಳಗೆ ಬೇರೆ ಚಾನೆಲ್ಲಿಗೆ ಹೋಗುತ್ತಾರೆ. ಎಲ್ಲ ದೇಶಗಳಲ್ಲೂ ಇದೇ ಕಥೆ. ಆದರೆ ಸಮೀಕ್ಷೆಯಲ್ಲಿ ಒಂದೇ ಒಂದು ಟಿವಿ ಮಾತ್ರ, ಪ್ರತಿ ರೇಸಿನಲ್ಲೂ, ಕಾರುಗಳನ್ನು ಹೊರಡಿಸುವ ದೀಪದಿಂದ ಬಹುಮಾನ ಕೊಡುವವರೆಗೆ ಚಾನೆಲ್ ಬದಲಾಯಿಸಿಲ್ಲ. ಆ ಮನೆಗೆ ಸಮಿತಿಯಲ್ಲಿ 'ಆದರ್ಶ ಕುಟುಂಬ' ಎಂದು ಹೆಸರು. ಆ ಕುಟುಂಬದ ಗುಟ್ಟೇನು ಎಂದು ತಿಳಿದುಕೊಂಡು ನಾಳೆಯ ಸಭೆಗೆ ಬಾ, ಇಲ್ಲವಾದರೆ ಗಂಟುಮೂಟೆ ಕಟ್ಟು ಎಂದು ಅಧ್ಯಕ್ಷರು ಹೇಳಿಬಿಟ್ಟಿದ್ದಾರೆ.

ಸಲಹೆಗಾರ: ಅಪ್ಪ, ಅಮ್ಮ, ಇಬ್ಬರು ಮಕ್ಕಳು ಅಂತ ಬರೆದಿದೆ. ನಾಲ್ಕೂ ಜನ ಜೊತೇಲಿ ಕೂತು ಪೂರ್ತಿ ನೋಡ್ತಾರಂತೆ.

ಮಾವ: ನನ್ನ ಮಗಳು ಟಿವಿ ಮುಖ ನೋಡಿ ಎಷ್ಟು ಕಾಲ ಆಯ್ತು ಅಂತ ಅವಳನ್ನೇ ಕೇಳಿ. ಮಹಡಿ ಮೇಲಿದಾಳೆ. ಕೇಳೋವಾಗ ಮಾತ್ರ ಸ್ವಲ್ಪ ದೂರ ನಿಂತ್ಕೊಳ್ಳಿ.

ಕ್ಷೌರಿಕ: ಮಾವ, ಟವೆಲ್ ತಣ್ಣಗಾಯ್ತಾ?

ಮಾವ: ಇಲ್ಲ, ಬೆಚ್ಚಗಿದೆ.

ಕ್ಷೌರಿಕ: ಹಾಗಾದ್ರೆ ಅದರೊಳಗೇ ಇರಿ.

ತನಿಖೆ ಅಲ್ಲ ಎಂದು ಖಾತ್ರಿಯಾದ ಮೇಲೆ ಕ್ಷೌರಿಕ ಗೆಲುವಾದ. ಆದರ್ಶ ಕುಟುಂಬವನ್ನು ಒಂದು ರೇಸಿಗೆ ಕರೆಸಿ ಸನ್ಮಾನಿಸುವ ಯೋಚನೆಯೂ ಉಂಟೆಂದು ಸಲಹೆಗಾರ ಹೇಳಿದಾಗ ಟಿವಿ, ಪೆಟ್ಟಿಗೆ, ಗೋಡೆ ಮೂರೂ ಮತ್ತೆ ಕ್ಷೌರಿಕನವೇ ಆದವು. ತಾನು ಈ ರೇಸು ಎಂದರೆ ಪ್ರಾಣ ಬಿಡುವವನು ಎಂದ.

ಸಲಹೆಗಾರ: ನಿಮಗೆ ಯಾರ ಮೇಲೆ ಅಭಿಮಾನ?

ಕ್ಷೌರಿಕ: ಎಂಟನೇ ನಂಬರು.

ಸಲಹೆಗಾರ: ಅವನು ಯಾವಾಗ್ಲೂ ಕೊನೇಲಿ ಬರೋದು.

ಕ್ಷೌರಿಕ: ಹೌದಾ?

ಸಲಹೆಗಾರ: ಒಂದು ರೇಸೂ ಬಿಡದೆ ನೋಡಿದೀರಿ, ಅಷ್ಟೂ ಗೊತ್ತಿಲ್ವಾ?

ಕ್ಷೌರಿಕ: ನಾನು ನೋಡೋದು ಕನ್ನಡೀಲಿ ಸಾರ್. ಕೈ ಗಿರಾಕಿ ಮೇಲೆ, ಕಣ್ಣು ಕನ್ನಡಿ ಮೇಲೆ. ಅದರಲ್ಲಿ ಬೇರೆ ನಂಬರೆಲ್ಲ ತಿರುಗಾಮುರುಗಾ ಕಾಣ್ಸುತ್ತೆ. ನೆಟ್ಟಗೆ ಕಾಣೋದು ಎಂಟು ಒಂದೇ.

ಸಲಹೆಗಾರ ಕನ್ನಡಿಗೆ ಕಣ್ಣು ಹಾಯಿಸಿದ. ಮಾತು ನಿಜ. ಪರದೆಯ ಎಡಗಡೆ ಇರಬೇಕಾದ ಹೆಸರುಗಳ ಸಾಲು ಬಲಗಡೆಗೆ ಬಂದು, ಅಕ್ಷರಗಳು ಬೆನ್ನು ತಿರುಗಿಸಿ ನಿಂತಿದ್ದವು. ಬಲಕ್ಕೆ ಹೊರಳಬೇಕಾದ ಕಾರುಗಳು ಎಡಕ್ಕೆ ಹೊರಳುತ್ತಿದ್ದವು. ಆ ಅಕ್ಷರಗಳ ಬಣ್ಣ ಆರಿಸುವುದಕ್ಕೆ ಸಮಿತಿ ಒಂದು ವರ್ಷ ತೆಗೆದುಕೊಂಡಿತ್ತು.

ಸಲಹೆಗಾರ: ಯಾರು ಮುಂದಿದಾರೆ ಅಂತ ಗೊತ್ತಾಗಲ್ಲ, ಯಾರು ಗೆದ್ರು ಅಂತಾನೂ ಗೊತ್ತಾಗಲ್ಲ. ಮತ್ತೆ ಯಾಕೆ ನೋಡ್ತೀರಿ?

ಕ್ಷೌರಿಕ: ವೇಗ ಸಾರ್. ಧೈರ್ಯ. ಆಮೇಲೆ ಆ ಹೊಗೆ.

ಮಾವ: ಹೊಗೆ ಎಲ್ಲಿದೆ ಈಗಿನ ಕಾರಲ್ಲಿ? ನಿಜ ಹೇಳ್ಬಿಡಿ ಅಳಿಯಂದ್ರೇ. ಪಾಪ, ಅಷ್ಟು ದೂರದಿಂದ ಬಂದಿದಾರೆ.

ಕ್ಷೌರಿಕ: ಏನು ನಿಜ?

ಮಾವ: ತಲೆ ಅಲ್ಲಾಡಲ್ಲ ಅನ್ನೋದು.

ಸಲಹೆಗಾರ: ಯಾರ ತಲೆ?

ಮಾವ: ಗಿರಾಕಿ ತಲೆ.

ಸಲಹೆಗಾರನ ಕಣ್ಣು ಅರಳಿತು. ಜೀವಮಾನದಲ್ಲಿ ಇಷ್ಟು ಒಳ್ಳೆಯ ಮಾತನ್ನು ಕೇಳಿಲ್ಲ ಎಂದ. ಪ್ರೇಕ್ಷಕ ತಲೆಯೂ ಅಲ್ಲಾಡಿಸದಷ್ಟು ತಲ್ಲೀನನಾಗಿ ನೋಡುತ್ತಾನೆ, ಉಸಿರು ಬಿಗಿಹಿಡಿದು ನೋಡುತ್ತಾನೆ; ನಾಳೆ ಸಭೆಯಲ್ಲಿ ಈ ಮಾತಿನಿಂದಲೇ ಶುರು ಮಾಡುತ್ತೇನೆ ಎಂದ. ಕ್ಷೌರಿಕ ಕತ್ತಿಯನ್ನು ಅಂಗೈಗೆ ಎರಡು ಸಲ ತೀಡಿ, ಬೇರೆ ದಾರಿಯಿಲ್ಲದೆ, ಅವನ ಮಾತನ್ನು ತಿದ್ದಿದ.

ಕ್ಷೌರಿಕ: ತಲ್ಲೀನ ಅಲ್ಲ ಸಾರ್. ನಿದ್ದೆ.

ಮಾವ: ಬೆಂಚಿನ ಕಡೆ ನೋಡಿ.

ಸಲಹೆಗಾರ ಬೆಂಚಿನ ಕಡೆ ನೋಡಿದ. ಇಬ್ಬರಲ್ಲಿ ಒಬ್ಬರು ಬಾಯಿ ತೆರೆದಿದ್ದರು.

ಆಮೇಲೆ ಕಥೆಯೆಲ್ಲ ಹೊರಬಂತು. ಮೊದಲು ಈ ಅಂಗಡಿಯಲ್ಲಿ ಭಾನುವಾರ ಫುಟ್‌ಬಾಲ್ ಹಚ್ಚುತ್ತಿದ್ದರು. ಒಂದು ದಿನ ಪೋಸ್ಟ್ ಮಾಸ್ಟರು ಕುರ್ಚಿಯಲ್ಲಿದ್ದಾಗ ಯಾರೋ ಗೋಲು ಹೊಡೆದರು. ಪೋಸ್ಟ್ ಮಾಸ್ಟರು ಎದ್ದರು, ಕತ್ತಿ ಇದ್ದಲ್ಲೇ ಇತ್ತು. ಕಿವಿಗೆ ಹೊಲಿಗೆ ಬಿತ್ತು. ಆ ವಾರದಿಂದ ಬೀದಿಯವರೆಲ್ಲ ಎದುರಿನ ಸಲೂನಿಗೆ ಹೋಗತೊಡಗಿದರು. ಕ್ಷೌರಿಕ ಖಾಲಿ ಕುರ್ಚಿ ಒರೆಸುತ್ತ ಕೂತ. ಚಾನೆಲ್ ತಿರುಗಿಸುತ್ತ ತಿರುಗಿಸುತ್ತ ಒಂದು ಮಧ್ಯಾಹ್ನ ಈ ರೇಸು ಸಿಕ್ಕಿತು. ಅಪ್ಪಿತಪ್ಪಿ ಬಂದಿದ್ದ ಗಿರಾಕಿಯೊಬ್ಬನ ತಲೆ ಕಂಬಕ್ಕೆ ಕಟ್ಟಿದ ಹಾಗೆ ನಿಂತಿತು. ಒಂದೇ ಸಮನೆ ಸದ್ದು, ಒಂದೇ ಸಮನೆ ಸಾಲು. ಸುದ್ದಿ ಹರಡಿ ಜನ ಮರಳಿ ಬಂದರು. ಎದುರಿನ ಸಲೂನಿನವನಿಗೆ ಇವತ್ತಿಗೂ ಗುಟ್ಟು ಗೊತ್ತಿಲ್ಲ; ಅವನಿನ್ನೂ ಫುಟ್‌ಬಾಲನ್ನೇ ಹಚ್ಚುತ್ತಾನೆ, ಅವನ ಗಿರಾಕಿಗಳನ್ನು ಪ್ಲಾಸ್ಟರಿನಿಂದ ಗುರುತಿಸಬಹುದು.

ಸಲಹೆಗಾರ: ಯುವಜನ ಬರ್ತಾರಾ? ನಮಗೆ ಅವರೇ ಮುಖ್ಯ.

ಕ್ಷೌರಿಕ: ತುಂಬಾ ಸಾರ್. ಕತ್ತರಿ ಕಂಡ್ರೆ ಕಿರುಚೋ ಮಕ್ಕಳನ್ನೆಲ್ಲ ರೇಸಿರೋ ದಿನಾನೇ ಎತ್ಕೊಂಡು ಬರ್ತಾರೆ.

ಸಲಹೆಗಾರ ಕಣ್ಣು ಮುಚ್ಚಿಕೊಂಡ. ಕ್ಷೌರಿಕ ಬಲಗಲ್ಲದ ನೊರೆಯನ್ನು ಒಂದೇ ಎಳೆತದಲ್ಲಿ ತೆಗೆದ.

ಮೂರು ವರ್ಷದಿಂದ ಸಮಿತಿ ಸುಮ್ಮನೆ ಕೂತಿಲ್ಲ ಎಂದು ಸಲಹೆಗಾರ ನಿಟ್ಟುಸಿರಿಟ್ಟ. ಮೊದಲ ವರ್ಷ ಕಾರುಗಳು ನೋಡಲು ಗಂಭೀರವಾಗಿರಲಿ ಎಂದು ಅಗಲ ಮಾಡಿಸಿದರು; ಅಗಲವಾದ ಕಾರು ಮುಂದಿದ್ದರೆ ಹಿಂದಿನವನಿಗೆ ದಾಟಲು ಜಾಗ ಇಲ್ಲದಾಯಿತು. ಎರಡನೇ ವರ್ಷ, ದಾಟಲಿ ಎಂದು ಸವೆಯದ ಟೈರು ಕೊಡಿಸಿದರು; ಟೈರು ಸವೆಯದ್ದರಿಂದ ಎಲ್ಲರ ವೇಗವೂ ಕೊನೆಯವರೆಗೆ ಒಂದೇ ಆಯಿತು. ಮೂರನೇ ವರ್ಷ ಎಂಜಿನ್ನಿನ ಸದ್ದು ಕಡಿಮೆ ಮಾಡಿದರು. ಸ್ಟ್ಯಾಂಡಿನಲ್ಲಿ ಕೂತ ಜನರಿಗೆ ಪರಸ್ಪರರ ಮಾತು ಚೆನ್ನಾಗಿ ಕೇಳಿಸತೊಡಗಿತು. ಎದ್ದು ಹೋಗೋಣ ಎಂಬ ಮಾತೇ ಹೆಚ್ಚಾಗಿ ಕೇಳಿಸಿತು. ಸಮಿತಿಯಲ್ಲಿ ಯಾರಾದರೂ ರೇಸು ನೋಡುತ್ತಾರೆಯೇ ಎಂದು ಮಾವ ವಿಚಾರಿಸಿದರು. ಸಮಿತಿ ಸೇರುವುದು ಸಾಮಾನ್ಯವಾಗಿ ರೇಸಿನ ಹೊತ್ತಿಗೇ, ಹಾಗಾಗಿ ಆಗುವುದಿಲ್ಲ ಎಂಬ ಉತ್ತರ ಬಂತು. ನಾಳೆಯದೊಂದೇ ಸೋಮವಾರ ಇಟ್ಟುಕೊಂಡ ವಿಶೇಷ ಸಭೆಯಂತೆ.

ಕ್ಷೌರಿಕ: ಆದದ್ದು ಆಯ್ತು ಬಿಡಿ. ಇನ್ನು ಹೀಗೇ ಇರಲಿ. ತುಂಬಾ ಹದವಾಗಿದೆ.

ಸಲಹೆಗಾರ: ಹೀಗೇ ಇರಕ್ಕೆ ಬಿಡಲ್ಲ. ಮುಂದಿನ ವರ್ಷದಿಂದ ಪೂರ್ತಿ ಬದಲಾಯಿಸ್ತೀವಿ. ನಾಳೆ ಸಭೇಲಿ ಒಪ್ಪಿಗೆ ತಗೋತೀನಿ.

ಕ್ಷೌರಿಕನ ಕೈ ಗಾಳಿಯಲ್ಲಿ ನಿಂತಿತು. ಏನು ಬದಲಾಯಿಸುತ್ತೀರಿ ಎಂದು ಕೇಳಿದ.

ಸಲಹೆಗಾರ: ಅರ್ಧ ರೇಸು ಆಗ್ತಿದ್ದ ಹಾಗೆ ಸಾಲನ್ನ ತಿರುವಿ ಹಾಕ್ತೀವಿ. ಮೊದಲಿದ್ದೋನು ಕೊನೇಗೆ, ಕೊನೇಲಿದ್ದೋನು ಮೊದಲಿಗೆ.

ಮಾವ: ಹಾಗಾದ್ರೆ ಮೊದಲ ಅರ್ಧ ಯಾರು ಜೋರಾಗಿ ಓಡಿಸ್ತಾರೆ? ಎಲ್ರೂ ಕೊನೇಲಿ ಇರಕ್ಕೇ ನೋಡ್ತಾರೆ.

ಸಲಹೆಗಾರ: ಅದಕ್ಕೂ ನಿಯಮ ಇದೆ. ತುಂಬಾ ನಿಧಾನ ಹೋದ್ರೆ ದಂಡ.

ಮಾವ: ಜೋರಾಗಿ ಹೋದ್ರೆ ನಷ್ಟ, ನಿಧಾನ ಹೋದ್ರೆ ದಂಡ. ಎಲ್ರೂ ಒಂದೇ ಹದದಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗ್ತಾರೆ.

ಸಲಹೆಗಾರ: ಹೌದು.

ಮಾವ: ಈಗ್ಲೂ ಅದೇ ತಾನೇ ಆಗ್ತಿರೋದು?

ಸಲಹೆಗಾರ ತುಟಿಯಂಚಿನ ನೊರೆ ಒರೆಸಿಕೊಂಡ. ಆಮೇಲೆ, ಇನ್ನೂ ಇದೆ ಎಂದ. ಪ್ರೇಕ್ಷಕರು ಮೊಬೈಲಿನಲ್ಲಿ ಮತ ಹಾಕಿ ಯಾವ ತಿರುವಿಗೆ ನೀರು ಚಿಮುಕಿಸಬೇಕು ಎಂದು ತೀರ್ಮಾನಿಸಬಹುದು. ಇನ್ನೊಂದು ಗುಂಡಿ ಒತ್ತಿದರೆ ಮೆಚ್ಚಿನ ಕಾರಿಗೆ ಕೊಂಚ ಹೊತ್ತು ಹೆಚ್ಚು ವೇಗ ಸಿಗುತ್ತದೆ. ಪರದೆಯ ಮೂಲೆಯಲ್ಲಿ ಪ್ರತಿ ಚಾಲಕನ ತಾಯಿಯ ಮುಖ ತೋರಿಸುತ್ತಾರೆ. ತಾಯಿ ಅತ್ತರೆ ಆ ಮುಖ ದೊಡ್ಡದಾಗುತ್ತದೆ. ಮೂರನೇ ವರ್ಷ ಕಡಿಮೆ ಮಾಡಿದ ಎಂಜಿನ್ ಸದ್ದನ್ನು ಮುಂದಿನ ವರ್ಷ ಧ್ವನಿವರ್ಧಕದಲ್ಲಿ ಹಾಕುತ್ತಾರೆ.

ಕ್ಷೌರಿಕ: ತಾಯಿ ಅಳದೇ ಇದ್ರೆ?

ಸಲಹೆಗಾರ: ಅವರ ಜೊತೆ ಒಬ್ಬ ಮಾತುಗಾರನ್ನ ಕೂರಿಸ್ತೀವಿ. ಮಗನ ಬಾಲ್ಯದ ಬಗ್ಗೆ ಕೇಳ್ತಾ ಇರ್ತಾನೆ.

ಕ್ಷೌರಿಕ: ಸಾರ್, ಇದೆಲ್ಲ ಆದ್ರೆ ಜನ ಎದ್ದು ಕೂರ್ತಾರೆ.

ಸಲಹೆಗಾರ: ಅದಕ್ಕೇ ಅಲ್ವೇ ಮಾಡ್ತಿರೋದು?

ಕ್ಷೌರಿಕ: ಎದ್ದು ಕೂತ್ರೆ ಅವರ ಕಿವಿ ಎಲ್ಲಿರುತ್ತೆ, ನನ್ನ ಕತ್ತಿ ಎಲ್ಲಿರುತ್ತೆ? ನನ್ನ ಹೊಟ್ಟೆ ಮೇಲೆ ಹೊಡೀಬೇಡಿ.

ಸಲಹೆಗಾರ: ನಿಮ್ಮ ಹೊಟ್ಟೆ ಉಳಿಸಕ್ಕೆ ಹೋದ್ರೆ ನನ್ನ ಹೊಟ್ಟೆ ಗತಿ ಏನು?

ಕ್ಷೌರಿಕ ಕತ್ತಿ ಮಡಿಸಿ ಬಟ್ಟಲಿನ ಪಕ್ಕದಲ್ಲಿಟ್ಟ. ಕೈ ತೊಳೆದು ಒರೆಸಿಕೊಂಡ. ಸಲಹೆಗಾರನ ಬಲಗಲ್ಲ ಕನ್ನಡಿಯಷ್ಟು ನುಣುಪಾಗಿತ್ತು. ಎಡಗಲ್ಲದಲ್ಲಿ ನೊರೆ ಹಾಗೇ ಇತ್ತು.

ಸಲಹೆಗಾರ: ಇನ್ನೊಂದು ಕಡೆ?

ಕ್ಷೌರಿಕ: ನಾಳೆ ಸಭೆ ಮುಗಿಸ್ಕೊಂಡು ಬನ್ನಿ. ಏನು ತೀರ್ಮಾನ ಆಯ್ತು ಅಂತ ನೋಡ್ಕೊಂಡು ಮಾಡೋಣ.

ಸಲಹೆಗಾರ: ಹೀಗೆ ಸಭೆಗೆ ಹೋಗಲಾ?

ಕ್ಷೌರಿಕ: ಎದುರಿನ ಸಲೂನಿಗೆ ಹೋಗ್ಬಹುದು. ಫುಟ್‌ಬಾಲ್ ಹಚ್ಚಿದಾನೆ.

ಬೀದಿಯ ಆಚೆ ಬದಿಯಿಂದ ಆ ಹೊತ್ತಿಗೆ ಸರಿಯಾಗಿ ಒಂದು ಕೇಕೆ, ಅದರ ಹಿಂದೆಯೇ ಒಂದು ಚೀತ್ಕಾರ ಕೇಳಿಬಂತು. ಸಲಹೆಗಾರ ಕುರ್ಚಿಯ ಕೈಗಳನ್ನು ಭದ್ರವಾಗಿ ಹಿಡಿದುಕೊಂಡ.

ಮಾವ ಮಧ್ಯಸ್ಥಿಕೆಗೆ ಬಂದರು. ಟವೆಲನ್ನು ಮೂಗಿನವರೆಗೆ ಸರಿಸಿ ಅವರು ಹೇಳಿದ್ದು ಇಷ್ಟು. ಇವರು ನಾಳೆ ಸಭೆಗೆ ಹೋಗಿ ಆದರ್ಶ ಕುಟುಂಬವನ್ನು ಕಂಡೆ, ಅವರಿಗೆ ರೇಸು ಈಗಿರುವ ಹಾಗೇ ಇಷ್ಟ, ಏನೂ ಬದಲಾಯಿಸಬೇಡಿ ಎಂದರು ಎಂದು ಹೇಳಲಿ. ಅದರಲ್ಲಿ ಒಂದು ಮಾತೂ ಸುಳ್ಳಲ್ಲ. ನಿದ್ದೆಯ ವಿಷಯ ಯಾರೂ ಕೇಳುವುದಿಲ್ಲ.

ಸಲಹೆಗಾರ: ಹಾಗೆ ಹೇಳಕ್ಕಾಗಲ್ಲ ಯಜಮಾನರೇ. ಚೆನ್ನಾಗಿಲ್ಲ ಅಂತ ಆದ್ರೆ ತಾನೇ ಚೆನ್ನಾಗಿ ಮಾಡೋರು ಬೇಕು? ಈಗಿರೋದೇ ಚೆನ್ನಾಗಿದೆ ಅಂದ್ರೆ ಮೊದಲು ಸಮಿತಿ ಮುಚ್ತಾರೆ, ಆಮೇಲೆ ನನ್ನನ್ನ ಕಳಿಸ್ತಾರೆ.

ಮಾವ: ಅಂದ್ರೆ ಅದು ಕೆಟ್ಟಿರ್ಬೇಕು.

ಸಲಹೆಗಾರ: ಕೆಟ್ಟಿರ್ಬೇಕು. ಸುಧಾರಿಸೋ ಆಸೆನೂ ಇರ್ಬೇಕು. ಪೂರ್ತಿ ಸುಧಾರಿಸ್ಬಾರದು.

ಮಾವ: ನಮ್ಮ ಅಳಿಯಂದ್ರಿಗೂ ಅದು ಕೆಟ್ಟಿರ್ಬೇಕು. ಮತ್ತೆ ಜಗಳ ಯಾತಕ್ಕೆ? ಇಬ್ಬರೂ ಒಂದೇ ಮಾತು ಆಡ್ತಿದೀರಲ್ಲ.

ಇಷ್ಟು ಹೇಳಿ ಅವರು ಟವೆಲನ್ನು ಮತ್ತೆ ಹಣೆಯವರೆಗೆ ಎಳೆದುಕೊಂಡರು. ಸ್ವಲ್ಪ ಹೊತ್ತಿಗೆ ಅದರೊಳಗಿನಿಂದ ಗೊರಕೆ ಶುರುವಾಯಿತು.

ಕ್ಷೌರಿಕನೂ ಸಲಹೆಗಾರನೂ ಕನ್ನಡಿಯಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡರು. ಕ್ಷೌರಿಕ ಕತ್ತಿ ಬಿಡಿಸಿ ಎಡಗಲ್ಲಕ್ಕೆ ಬಂದ. ಕೆಲಸ ಮಾಡುತ್ತಲೇ ಒಪ್ಪಂದ ಕುದುರಿತು. ಸುಧಾರಣೆ ಬೇಕು ಎಂದು ಸಲಹೆಗಾರ ಸಭೆಯಲ್ಲಿ ಬಲವಾಗಿ ವಾದಿಸಬಹುದು, ಆದರೆ ಜಾರಿಗೆ ತರುವ ಮೊದಲು ಆಳವಾದ ಅಧ್ಯಯನ ಆಗಬೇಕು ಎನ್ನಬೇಕು. ಅಧ್ಯಯನಕ್ಕೆ ಎಷ್ಟು ವರ್ಷ ಬೇಕಾದರೂ ಹಿಡಿಯಬಹುದು. ಅಧ್ಯಯನದ ಸ್ಥಳ ಈ ಸಲೂನು. ನೀರು, ಗುಂಡಿ, ತಾಯಂದಿರ ಕಣ್ಣೀರು ಎಲ್ಲ ಅಲ್ಲಿಯವರೆಗೆ ಕಾಯಲಿ. ಇಷ್ಟಕ್ಕೆಲ್ಲ ಒಂದೇ ಒಂದು ಷರತ್ತು: ಅಧ್ಯಯನ ಮುಗಿಯುವವರೆಗೆ ರೇಸು ಈಗಿರುವಷ್ಟೇ ಸಪ್ಪೆಯಾಗಿರಬೇಕು. ಆ ವಿಷಯದಲ್ಲಿ ಭಯವೇ ಬೇಡ ಎಂದು ಸಲಹೆಗಾರ ಭರವಸೆ ಕೊಟ್ಟ. ತನ್ನ ಮೂರು ವರ್ಷದ ಕೆಲಸದ ಮೇಲೆ ಅವನಿಗೆ ಅಷ್ಟು ನಂಬಿಕೆಯಿತ್ತು.

ಕ್ಷೌರಿಕ: ಮೀಸೆ ಮುಟ್ಲಾ ಸಾರ್?

ಸಲಹೆಗಾರ: ಅಂಚು ಮಾತ್ರ. ಹುಷಾರು. ಮದುವೆಗೆ ಮುಂಚಿನಿಂದ ಇದೆ.

ದಪ್ಪ ಮೀಸೆ, ಎರಡು ತುದಿಯೂ ಒಂದೇ ಅಳತೆಯಲ್ಲಿ ಕೆಳಕ್ಕೆ ಬಾಗಿದ್ದವು. ಕ್ಷೌರಿಕ ಎಡಗೈ ಬೆರಳಿಂದ ಅವನ ಮೂಗಿನ ತುದಿಯನ್ನು ಎತ್ತಿ ಹಿಡಿದು, ಕತ್ತಿಯನ್ನು ಮೀಸೆಯ ಬಲದಂಚಿಗೆ ತಂದ. ಟಿವಿಯಲ್ಲಿ ಕೊನೆಯ ಸುತ್ತು ನಡೆಯುತ್ತಿತ್ತು. ವೀಕ್ಷಕ ವಿವರಣೆ ಕೊಡುವವನು ಹವಾಮಾನದ ಬಗ್ಗೆ ಮಾತಾಡುತ್ತಿದ್ದ.

ಅವನ ದನಿ ಮಾತಿನ ಮಧ್ಯೆ ತಟ್ಟನೆ ಏರಿತು. ಅವನಿಗೆ ಏರುದನಿ ಇದೆ ಎಂಬುದೇ ಈ ಅಂಗಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಎರಡನೆಯ ಕಾರು ಮೊದಲನೆಯದರ ಪಕ್ಕಕ್ಕೆ ಬಂದಿತ್ತು. ಉದ್ದನೆಯ ತಿರುವನ್ನು ಎರಡೂ ಜೊತೆಯಾಗಿ ಹೊಕ್ಕವು, ಚಕ್ರಕ್ಕೂ ಚಕ್ರಕ್ಕೂ ಮಧ್ಯೆ ಒಂದು ಗೇಣೂ ಇರಲಿಲ್ಲ. ತಿರುವಿನಿಂದ ಜೊತೆಯಾಗಿಯೇ ಹೊರಬಂದವು. ಮುಂದಿನ ತಿರುವಿನಲ್ಲಿ ಹಿಂದಿದ್ದವನು ಒಳಗಿನಿಂದ ನುಗ್ಗಿದ, ಮುಂದಿದ್ದವನು ಹೊರಗಿನಿಂದ ಸುತ್ತಿ ಮತ್ತೆ ಸಮಕ್ಕೆ ಬಂದ. ಇವರ ಗಡಿಬಿಡಿಯಲ್ಲಿ ಮೂರನೆಯವನೊಬ್ಬ ಎಲ್ಲಿಂದಲೋ ಬಂದು ಇಬ್ಬರ ಮಧ್ಯದ ಕಿಂಡಿಗೆ ಮೂಗು ತೂರಿಸಿದ.

ಕ್ಷೌರಿಕ ಕನ್ನಡಿ ಬಿಟ್ಟು ಹಿಂದಿನ ಗೋಡೆಗೆ ತಿರುಗಿದ. ಬಲಕ್ಕೆ ಹೊರಳುವ ಕಾರು ಬಲಕ್ಕೇ ಹೊರಳುವುದನ್ನು ಅವನು ಕ್ಷೌರ ಮಾಡುವ ಹೊತ್ತಿನಲ್ಲಿ ಕಂಡದ್ದು ಅದೇ ಮೊದಲು. ಕತ್ತಿ ಹಿಡಿದ ಕೈ ಇದ್ದಲ್ಲೇ ಇತ್ತು. ಮೂರು ಕಾರುಗಳೂ ಒಟ್ಟಿಗೆ ಕೊನೆಯ ತಿರುವಿಗೆ ಬಂದವು. ಕಾರುಗಳು ಹೊರಳಿದ ಕಡೆಗೆ ಅವನ ಕೈಯೂ ಹೊರಳಿತು.

ಸಲಹೆಗಾರನ ತಲೆ ಅಲ್ಲಾಡಲಿಲ್ಲ. ಅವನು ಉಸಿರು ಬಿಗಿಹಿಡಿದು, ಕಣ್ಣು ಮಿಟುಕಿಸದೆ, ಕನ್ನಡಿಯಲ್ಲಿ ರೇಸು ನೋಡುತ್ತಿದ್ದ. ಮೂರನೆಯವನು ಒಂದು ಮೂಗಿನಷ್ಟು ಅಂತರದಲ್ಲಿ ಗೆದ್ದ. ಆಮೇಲೆ ಅದೇ ಕನ್ನಡಿಯಲ್ಲಿ ಸಲಹೆಗಾರ ತನ್ನ ಮುಖ ನೋಡಿಕೊಂಡ. ಮೀಸೆಯ ಬಲ ಅರ್ಧ ಅವನ ಎದೆಯ ಮೇಲಿನ ಬಟ್ಟೆಯಲ್ಲಿತ್ತು.

ಕ್ಷೌರಿಕ ಕ್ಷಮೆ ಕೇಳಲು ಬಾಯಿ ತೆರೆದ. ಸಲಹೆಗಾರ ಕೈಯೆತ್ತಿ ತಡೆದ. ಅವನ ಚಿಂತೆ ಮೀಸೆಯದಾಗಿರಲಿಲ್ಲ.

ಸಲಹೆಗಾರ: ಇದನ್ನ ಯಾರು ಯಾರು ನೋಡಿದ್ರು?

ಕ್ಷೌರಿಕ: ಬೆಂಚಿನವರು ಎದ್ದಿಲ್ಲ. ಮಾವನೂ ಎದ್ದಿಲ್ಲ. ಹೊರಗಡೆ?

ಸಲಹೆಗಾರ: ನಮ್ಮ ಲೆಕ್ಕದ ಪ್ರಕಾರ ಕೊನೇ ಸುತ್ತಿಗೆ ಹಚ್ಚಿರೋ ಟಿವಿ ಇದೊಂದೇ.

ಕ್ಷೌರಿಕ: ಅಲ್ಲೇ ಸ್ಟ್ಯಾಂಡಲ್ಲಿ ಕೂತಿರೋ ಜನ?

ಸಲಹೆಗಾರ: ಪಾರ್ಕಿಂಗಲ್ಲಿ ನೂಕುನುಗ್ಗಲು ಆಗ್ಬಾರದು ಅಂತ ಗೇಟು ಮುಂಚೇನೇ ತೆಗಿಸ್ತೀವಿ. ಅದು ನನ್ನದೇ ಸಲಹೆ. ಈ ಹೊತ್ತಿಗೆ ಎಲ್ಲ ಹೊರಟಿರ್ತಾರೆ.

ಕ್ಷೌರಿಕ: ನಿಮ್ಮ ಅಧ್ಯಕ್ಷರು?

ಸಲಹೆಗಾರ: ಅವರಿಗೆ ಮೆಸೇಜು ಹೋಗುತ್ತೆ. ಯಾರು ಗೆದ್ದ ಅಂತ ಮಾತ್ರ ಇರುತ್ತೆ. ಹೇಗೆ ಗೆದ್ದ ಅಂತ ಇರಲ್ಲ.

ಕ್ಷೌರಿಕ ಸ್ಟೂಲು ಎಳೆದು ಕೂತು ಯೋಚಿಸಿದ. ಈ ಸುದ್ದಿ ಬೀದಿಗೆ ಬಿದ್ದರೆ ಮುಂದಿನ ಭಾನುವಾರ ಜನ ಬರುವುದು ಕ್ಷೌರಕ್ಕಲ್ಲ, ರೇಸಿಗೆ. ಬಂದವರು ಕಾಯುತ್ತಾರೆ, ಕಾದವರು ಎದ್ದು ನಿಲ್ಲುತ್ತಾರೆ. ಸುದ್ದಿ ಸಮಿತಿಗೆ ಹೋದರೆ, ನೀರಿಲ್ಲದೆ, ಗುಂಡಿಯಿಲ್ಲದೆ, ಯಾವ ತಾಯಿಯೂ ಅಳದೆ ರೇಸು ತಾನೇ ತಾನಾಗಿ ಚೆನ್ನಾಯಿತು ಎಂದಾಗುತ್ತದೆ. ಆಮೇಲೆ ಯಾವ ಅಧ್ಯಯನ, ಯಾವ ಸಲಹೆಗಾರ. ಎರಡನ್ನೂ ಅವನು ಒಂದೇ ಉಸಿರಿಗೆ ಹೇಳಿದ. ಸಲಹೆಗಾರ ಎರಡಕ್ಕೂ ತಲೆಯಾಡಿಸಿದ.

ಸಲಹೆಗಾರ: ಇನ್ನರ್ಧಾನೂ ತೆಗೆದುಬಿಡಿ.

ಕ್ಷೌರಿಕ: ಸಾರ್, ಮದುವೆಗೆ ಮುಂಚಿನದು.

ಸಲಹೆಗಾರ: ಅರ್ಧ ಇಟ್ಕೊಂಡು ಹೋದ್ರೆ ನಾಳೆ ಎಲ್ರೂ ಕಾರಣ ಕೇಳ್ತಾರೆ. ಪೂರ್ತಿ ತೆಗೆದ್ರೆ ಯಾರೂ ಕೇಳಲ್ಲ, ನಾನೇ ಬೇಕು ಅಂತ ತೆಗೆಸಿದೀನಿ ಅಂದ್ಕೋತಾರೆ. ನಮ್ಮ ಸಮಿತೀಲಿ ಎಲ್ಲ ಹೀಗೇ ನಡೆಯೋದು.

ಕ್ಷೌರಿಕ ಇನ್ನರ್ಧವನ್ನೂ ತೆಗೆದ. ಪಟಿಕದ ಕಲ್ಲು ಉಜ್ಜಿದ, ಎದೆಯ ಮೇಲಿನ ಬಟ್ಟೆ ಕೊಡವಿದ, ಕೂದಲನ್ನು ಗುಡಿಸಿ ಮೂಲೆಗೆ ಸೇರಿಸಿದ. ರಿಮೋಟು ತೆಗೆದುಕೊಂಡು, ಕೊನೆಯ ಸುತ್ತನ್ನು ಮತ್ತೆ ತೋರಿಸುವ ಮೊದಲೇ, ಟಿವಿಯ ಸದ್ದು ಅಡಗಿಸಿದ.

ಸದ್ದು ನಿಂತದ್ದಕ್ಕೇ ಇರಬೇಕು, ಮಾವನ ಗೊರಕೆಯೂ ನಿಂತಿತು.

ಮಾವ: ಏನೋ ಕೂಗಾಟ ಕೇಳ್ತು. ರೇಸಲ್ಲಿ ಏನಾದ್ರೂ ಆಯ್ತಾ?

ಕ್ಷೌರಿಕ: ಏನೂ ಆಗ್ಲಿಲ್ಲ ಮಾವ.

ಸಲಹೆಗಾರ: ಏನೇನೂ ಆಗ್ಲಿಲ್ಲ ಯಜಮಾನರೇ. ಯಾವಾಗಿನ ಹಾಗೇ.

ಮಾವ ಟವೆಲ್ ತೆಗೆದು ಮಡಿಸಿ ತೊಡೆಯ ಮೇಲಿಟ್ಟುಕೊಂಡರು. ಅಳಿಯನನ್ನು ನೋಡಿದರು. ಆಮೇಲೆ ಪಕ್ಕದ ಕುರ್ಚಿಯಲ್ಲಿದ್ದ ಮುಖವನ್ನು ಕನ್ನಡಿಯಲ್ಲೊಮ್ಮೆ, ನೇರವಾಗೊಮ್ಮೆ, ಸಾವಕಾಶವಾಗಿ ನೋಡಿದರು.

ಮಾವ: ಏನೂ ಆಗದೇ ಇದ್ರೆ ಇವರ ಮೀಸೆ ಎಲ್ಲಿ ಹೋಯ್ತು ಅಳಿಯಂದ್ರೇ?